ಕಲ್ಲಿದ್ದಲಿನ ಗಣಿಯೂ ಅದರ ಕಂಬಗಳೂ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯವು ಶಾಸನಜ್ಞರಿಗೂ ಶಿಲ್ಪಜ್ಞರಿಗೂ ಸುಪರಿಚಿತವಾದುದು. ರಾಷ್ಟ್ರಕೂಟರ ಕಾಲದಲ್ಲಿ ಆರಂಭವಾಗಿ, ಕ್ರಿ. ಶ. ೯೮೭ರ ಸುಮಾರಿಗೆ ಚಾಲುಕ್ಯ ತೈಲಪನ ಆಳ್ವಿಕೆಯಲ್ಲಿ ಬೆಳೆದ ಈ ಗುಡಿಯ ಸಭಾಮಂಟಪದಲ್ಲಿ ಐವತ್ತು ಕಂಬಗಳುಂಟು. ಮೇಲಣ ಭಾರವು ಕಂಬಗಳ ಮೂಲಕ ನೆಲಕ್ಕಿಳಿಯುವುದು. ಅವುಗಳ ನಡುವೆ ಜನರು ನಿರ್ಭಯವಾಗಿ ಸಂಚರಿಸುವರು. ನೆಲದಡಿಯ ಕಲ್ಲಿದ್ದಲಿನ ಗಣಿಯನ್ನು ತಿಳಿಯುವುದಕ್ಕೆ ಇದು ಸುಲಭವಾದ ದೃಷ್ಟಾಂತ. ಭೇದವಿಷ್ಟೆ: ಮಂಟಪದಲ್ಲಿ ಕಂಬಗಳನ್ನು ತಂದು ನಿಲ್ಲಿಸಿದ್ದಾರೆ, ಗಣಿಯಲ್ಲಿ ಸುತ್ತಲಿನ ಇದ್ದಲನ್ನು ತೆಗೆದು ಕಂಬಗಳನ್ನು ಉಳಿಸುತ್ತಾರೆ.

ಮೊದಲು ಶಬ್ದವಿಚಾರ. ಗಣಿ ಎಂಬುದು ಸಂಸ್ಕೃತದ ಖನಿ ಶಬ್ದದ ತದ್ಭವ. ಅಮರನು ಖನಿ, ಆಕರ ಎಂಬಿವನ್ನು ಪರ್ಯಾಯಗಳಾಗಿ ಹೇಳಿದ್ದಾನೆ. ಕೌಟಿಲ್ಯನು ಆಕರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿವರಿಸಿದ್ದಾನೆ. ಕಮ್ಮಾರನ ಕುಲುಮೆಯ ಇದ್ದಲು ಕಟ್ಟಿಗೆಯನ್ನು ಸುಟ್ಟು ಮಾಡಿದುದು. ಕಲ್ಲಿದ್ದಲಾದರೋ ಪುರಾತನವಾದ ಸಸ್ಯರಾಶಿಯು ಮರಳು ಕೆಸರುಗಳಡಿಯಲ್ಲಿ ಹೂತು, ಒತ್ತಡ ಉಷ್ಣಗಳಿಂದ ಪಕ್ವವಾದುದು.

ಬಾಗಳಿಯ ಪ್ರಾಂತದಲ್ಲಿ ಇದು ದೊರೆಯದು. ಅಲ್ಲಿಯ ಶಿಲೆಗಳು ಸುಮಾರು ೨೫೦ ಕೋಟಿ ವರ್ಷಗಳಷ್ಟು ಅಥವಾ ಅದಕ್ಕೂ ಹಿಂದಿನವು. ಅವು ಹುಟ್ಟಿದಾಗ ಭೂಮಿಯ ಮೇಲೆ ಮರಗಿಡಗಳೇ ಇರಲಿಲ್ಲ. ಇಂಥ ಪ್ರಾಚೀನ ಶಿಲೆಗಳಲ್ಲಿ ಕೋಲಾರದ ಚಿನ್ನವೂ ಸಂಡೂರಿನ ಕಬ್ಬಿಣವೂ ಉಂಟು, ಕಲ್ಲಿದ್ದಲಿಲ್ಲ. ಅದಕ್ಕಾಗಿ ನೆರೆಯ ತೆಲುಗುನಾಡಿನ ಗೋದಾವರೀ ಕಣಿವೆಗೆ ಹೋಗಬೇಕು. ೧೮೭೧ರಲ್ಲಿ ಭೂವಿಜ್ಞಾನಿಯಾದ ಕಿಂಗ್ ಎಂಬುವನು ಯೆಲ್ಲಂದು ಎಂಬಲ್ಲಿ ಕಲ್ಲಿದ್ದಲನ್ನು ಕಂಡುಹಿಡಿದನು. ೧೯೨೦ರಲ್ಲಿ ಸಿಂಗರೇಣಿ ಕಂಪೆನಿಯು ಏರ್ಪಟ್ಟಿತು.

ಕೋಲಾರದ ಚಿನ್ನದ ಎಳೆಯು ಕಡಿದಾಗಿ ಪಾತಾಳಮುಖವಾಗಿ ಇಳಿದುದರಿಂದ, ೨೦೦೧ರಲ್ಲಿ ಮುಚ್ಚುವುದಕ್ಕೆ ಮೊದಲೇ ಆ ಗಣಿಯು ೩ ಕಿಲೋಮೀಟರಿಗಿಂತ ಆಳವಾಗಿತ್ತು. ಕಲ್ಲಿದ್ದಲು ಹಾಗಲ್ಲ, ಜಮಖಾನೆಯಂತೆ ವಿಶಾಲವಾಗಿ ಹಾಸಿದ ಪದರ. ಅದನ್ನು ಮುಟ್ಟಲು ನೆಟ್ಟಗಿನ ಬಾವಿಯನ್ನೋ ಇಳುಕಲಾದ ಸುರಂಗವನ್ನೋ ತೋಡುವರು. ಇಂಥ ದಾರಿಗಳು ಎರಡಾದರೂ ಇರಬೇಕು. ಒಂದರಿಂದ ಶುದ್ಧವಾಯುವು ಒಳಹೋಗುವುದು, ಇನ್ನೊಂದರ ಬಾಯಲ್ಲಿಟ್ಟ ದೊಡ್ಡ ಬೀಸಣಿಗೆ ಯಂತ್ರವು ಕೆಟ್ಟ ವಾಯುವನ್ನು ಹೊರಸೆಳೆಯುವುದು. ಬಳಿಕ ಪದರದಲ್ಲಿ ಸಮಾಂತರವಾದ ಓಣಿಗಳನ್ನೂ ಅವಕ್ಕೆ ಅಡ್ಡಲಾಗಿ ಬೇರೆ ಓಣಿಗಳನ್ನೂ ಕೊರೆಯುವರು. ನಡುನಡುವೆ ಉಳಿದ ಚೌಕಗಳೇ ಕಂಬಗಳು.

ಕಂಬದ ನಡುವಿನಿಂದ ಕಂಬದ ನಡುವಿಗೆ ೨೦ ಮೀಟರು, ಓಣಿಯ ಅಗಲ ೪ ಮೀಟರು ಎಂದಿಟ್ಟುಕೊಂಡರೆ, ಉಳಿಯುವ ಕಂಬವು ೧೬ ಮೀಟರಿನ ಚೌಕ. ಆಗ ನೂರು ಪಾಲಿನಲ್ಲಿ ದೊರೆತದ್ದು ೩೬, ಉಳಿದದ್ದು ೬೪. ಆಳ ಹೆಚ್ಚಿದಂತೆ ಮೇಲಣ ಭಾರವೂ ಹೆಚ್ಚುವುದರಿಂದ ಕಂಬಗಳನ್ನು ದೊಡ್ಡವಾಗಿ ಬಿಡಬೇಕು. ಅಂತರವನ್ನು ೪೦ ಮೀಟರಿಗೇರಿಸಿದರೆ ದೊರೆಯುವುದು ೧೯ ಪಾಲು ಮಾತ್ರ.

ಹಾಗಾದರೆ ಅಧಿಕಭಾಗವು ನೆಲದಲ್ಲೇ ವ್ಯರ್ಥವಾಗುವುದಲ್ಲವೆ ಎಂದು ಶಂಕಿಸಬಹುದು. ಸಮಾಧಾನವೇನೆಂದರೆ, ಓಣಿಗಳು ಎಲ್ಲೆಯನ್ನು ಮುಟ್ಟಿದ ಮೇಲೆ ಕೆಲಸಗಾರರು ಹಿಂದಿರುಗುತ್ತ, ತುದಿಯ ಕಂಬಗಳಿಂದ ಮೊದಲ್ಗೊಂಡು ಅವನ್ನು ಹೋಳುಹೋಳಾಗಿ ತೆಗೆಯುವರು. ಬರಿದಾದ ಎಡೆಯಲ್ಲಿ ಚಾವಣಿಯು ತಾನಾಗಿ ಕುಸಿಯುವಂತೆ ಬಿಡುವರು. ಮೇಲೆ ಊರೋ ಹೊಳೆಯೋ ಇದ್ದರೆ ನೀರಿನೊಡನೆ ಮರಳನ್ನು ಹರಿಯಿಸಿ ತುಂಬುವರು. ಗಣಿಯ ಕೆಲಸಗಳಲ್ಲೆಲ್ಲ ಇದು ಅತ್ಯಂತ ಅಪಾಯಕರವಾದುದು.

ಇದ್ದಲನ್ನು ಒಡೆಯಲು ಹಿಂದೆ ಗುದ್ದಲಿಯೇ ಸಾಧನ. ಬಳಿಕ ರಂಧ್ರ ಕೊರೆದು, ಅನಿಲಕ್ಕೆ ಕಿಡಿ ಹೊತ್ತಿಸದ ವಿಶೇಷವಾದ ಸಿಡಿಮದ್ದನ್ನು ಬಳಸುವ ಕ್ರಮವು ಬಂದಿತು. ಸಿಡಿತದ ತರುವಾಯ ಅನುಭವಿಯು ಕೋಲಿನಿಂದ ಚಾವಣಿಯನ್ನು ತಟ್ಟಿ ಆಲಿಸುವನು; ಟೊಳ್ಳುದನಿ ಬಂದರೆ ಅದು ಸಡಿಲವೆಂದರ್ಥ. ಅಂಥದನ್ನು ಕೆಡವಿ, ಉಳಿದುದಕ್ಕೆ ಮರದ ಊರೆಗಳನ್ನು ಕೊಡುತ್ತಿದ್ದರು. ಈಗ ಚಾವಣಿಗೆ ಉಕ್ಕಿನ ಸರಳುಗಳನ್ನು ನಾಟಿಸುತ್ತಾರೆ. ಒಡೆದ ಇದ್ದಲು ಹಗ್ಗದಿಂದೆಳೆಯುವ ತೊಟ್ಟಿಬಂಡಿಗಳಲ್ಲಾಗಲಿ ಚಲಿಸುವ ಪಟ್ಟಿಯ ಮೇಲಾಗಲಿ ಹೊರಬಂದು, ಜರಡಿಯಾಡಿ, ರೈಲುಬಂಡಿಗಳನ್ನು ಸೇರುವುದು.

ಶತ್ರುಗಳು ಇನ್ನೂ ಉಂಟು. ಪದರದಿಂದ ಸೋರುವ ಮೀಥೇನ್ ಅನಿಲವು ವಾಯುವಿನಲ್ಲಿ ನೂರಕ್ಕೆ ೫ರಿಂದ ೧೫ರವರೆಗೆ ಬೆರೆತಾಗ ಕಿಡಿ ತಗುಲಿದರೆ ಸ್ಫೋಟಿಸುವುದು. ಇದನ್ನು ತಡೆಯಲು ೧೮೧೫ರಲ್ಲಿ ಡೇವಿಯು ಜ್ವಾಲೆಯ ಸುತ್ತ ತಂತಿಬಲೆಯುಳ್ಳ ದೀಪವನ್ನು ನಿರ್ಮಿಸಿದನು. ಹಳೆಯ ಗಣಿಗಳಲ್ಲಿ ನಿಂತ ನೀರೂ ಮೃತ್ಯುರೂಪವಾದುದೇ. ೧೯೭೫ರ ಡಿಸೆಂಬರಿನಲ್ಲಿ ಧನಬಾದಿನ ಬಳಿಯ ಚಾಸ್‌ನಾಲಾದಲ್ಲಿ ಅಂಥ ನೀರು ಒಳನುಗ್ಗಿ ೩೭೦ಕ್ಕೂ ಹೆಚ್ಚು ಮಂದಿ ಅಳಿದರು. ನೀರಿಗೂ ಓಣಿಗೂ ನಡುವೆ ಬಿಡಬೇಕಾದ ಇದ್ದಲಿನ ಗೋಡೆಯು ಎಷ್ಟು ಮುಖ್ಯವೆಂಬುದನ್ನು ಈ ಘಟನೆಯು ತೋರಿಸುತ್ತದೆ.

ಸಿಂಗರೇಣಿಯ ಇದ್ದಲು ಕೃಷ್ಣಾತೀರದ ಶಕ್ತಿನಗರದಲ್ಲಿರುವ ರಾಯಚೂರಿನ ಉಷ್ಣವಿದ್ಯುತ್ ಕೇಂದ್ರಕ್ಕೂ ಬರುತ್ತದೆ. ಅಲ್ಲಿ ಉರಿದು ಕನ್ನಡನಾಡಿನ ಊರುಗಳಿಗೆ ಬೆಳಕಾಗುತ್ತದೆ. ತೆಗೆದ ಇದ್ದಲಿನ ಲೆಕ್ಕವು ತೂಕದ ಪುಸ್ತಕದಲ್ಲಿ ಸಿಕ್ಕುವುದು. ಅದನ್ನು ತೆಗೆದವರು ಜೀವಸಹಿತ ಮೇಲೆ ಬಂದುದಕ್ಕೆ ಮಾತ್ರ ತೆಗೆಯದೆ ಬಿಟ್ಟ ಕಂಬಗಳೇ ಕಾರಣವೆಂದು ತಿಳಿಯತಕ್ಕದ್ದು.