ರಂಗಸ್ಥಳ ಲಾರಿಯಲ್ಲಿ, ಗದ್ದೆ ಊರಿನಲ್ಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಕ್ಷಗಾನದ ಆಟವಿದ್ದ ದಿನ ಮೇಳದ ಲಾರಿ ಬಾಕಿಮಾರು ಗದ್ದೆಗೆ ಬಂದು ನಿಲ್ಲುತ್ತದೆ. ಸಂಜೆಯೊಳಗೆ ರಂಗಸ್ಥಳ, ಬಣ್ಣ ಹಚ್ಚುವ ಚೌಕಿ ಎರಡೂ ಏಳುತ್ತವೆ. ಆಟ ಮುಗಿದರೆ ಎಲ್ಲವನ್ನೂ ಬಿಚ್ಚಿ ಮುಂದಿನ ಊರಿಗೆ. ಗದ್ದೆಯನ್ನು ಮಾತ್ರ ಯಾವ ಮೇಳವೂ ಹೊತ್ತು ತರುವುದಿಲ್ಲ. ಯಾವುದನ್ನು ಹೊತ್ತೊಯ್ಯಬಹುದು, ಯಾವುದು ಇದ್ದಲ್ಲೇ ಉಳಿಯಬೇಕು? ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಕೂಡ ಒಮ್ಮೆ ಇದೇ ಲೆಕ್ಕ ಹಾಕಬೇಕಾಯಿತು.

ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗೆ ವರ್ಚುವಲೈಸೇಶನ್ ಶಕ್ತಿ, ಅಂದರೆ ಒಂದು ಯಂತ್ರದೊಳಗೆ ಹಲವು ವರ್ಚುವಲ್ ಮೆಷಿನ್ ಓಡಿಸಲು ನೆರವಾಗುವ ಶಕ್ತಿ, ಆಗಷ್ಟೇ ಬಂದಿತ್ತು. 2006ರ ಅಕ್ಟೋಬರಿನಲ್ಲಿ ಇಸ್ರೇಲಿನ ಕುಮ್ರಾನೆಟ್ ಕಂಪನಿಯ ಆವಿ ಕಿವಿಟಿ ಆ ಶಕ್ತಿಯನ್ನು ಬಳಸುವ ಕೆವಿಎಂ ಅನ್ನು ಹೊರತಂದರು. ಲಿನಕ್ಸಿನ ಕೆಳಗೆ ಇನ್ನೊಂದು ಪದರ ಬೇಡ, ಬೇಕಾದಾಗ ಕರ್ನಲ್ಲಿಗೆ ಜೋಡಿಸಿ ಬೇಡವಾದಾಗ ಬಿಚ್ಚಬಹುದಾದ ಒಂದು ಮಾಡ್ಯೂಲ್ ಲೋಡ್ ಮಾಡಿದರೆ ಲಿನಕ್ಸೇ ಹೈಪರ್‌ವೈಸರ್, ಅಂದರೆ ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ಯಜಮಾನ. 2007ರ ಫೆಬ್ರವರಿಯ 2.6.20ರಲ್ಲಿ ಅದು ಕರ್ನಲ್ಲಿಗೆ ಸೇರಿತು.

ಐಬಿಎಂನ ಪವರ್ ಯಂತ್ರಗಳಲ್ಲಿ ಕೆಲಸ ಇಷ್ಟು ಸಲೀಸಾಗಿರಲಿಲ್ಲ. ಅಲ್ಲಿ ಎರಡು ದಾರಿ. ಅಲೆಕ್ಸಾಂಡರ್ ಗ್ರಾಫ್ ಬರೆದ 'ಪಿಆರ್' ಅತಿಥಿಯ, ಅಂದರೆ ವರ್ಚುವಲ್ ಮೆಷಿನ್ ಒಳಗಿನ, ಕರ್ನಲ್ಲನ್ನು ಸಾಮಾನ್ಯ ಪ್ರೋಗ್ರಾಮಿನ ಮಟ್ಟಕ್ಕಿಳಿಸಿ ಓಡಿಸುತ್ತಿತ್ತು. ನಿಧಾನ, ಆದರೆ ಹೈಪರ್‌ವೈಸರ್ ಅಧಿಕಾರ ಸಿಗದ ಕಡೆಯೂ ನಡೆಯುತ್ತಿತ್ತು. 2011ರಲ್ಲಿ ಪಾಲ್ ಮೆಕೆರಾಸ್ ತಂದ 'ಎಚ್‌ವಿ'ಗೆ ಪವರ್7ರ ಹೈಪರ್‌ವೈಸರ್ ಮೋಡೇ ಬೇಕು, ವೇಗ ಮಾತ್ರ ಬಹಳ ಹೆಚ್ಚು. ಕರ್ನಲ್ ಕಂಪೈಲ್ ಮಾಡುವಾಗಲೇ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಎಲ್ಲರಿಗೂ ಒಂದೇ ಕರ್ನಲ್ ಹಂಚುವವರಿಗೆ ಇದು ದೊಡ್ಡ ಕಷ್ಟವಾಗಿತ್ತು.

2013ರಲ್ಲಿ ಐಬಿಎಂನ ಅನೀಶ್ ಕುಮಾರ್ ಕೆ.ವಿ. ಈ ಗಂಟಿಗೆ ಕೈಹಾಕಿದರು. ಎರಡನ್ನೂ ಮಾಡ್ಯೂಲ್ ಮಾಡಿದರೆ ಮುಗಿಯಿತಲ್ಲ ಎನಿಸುತ್ತದೆ. ತೊಡಕಿದ್ದದ್ದು ವಿಳಾಸದಲ್ಲಿ. ಅತಿಥಿಯ ಒಳಗೆ ಹೋಗುವಾಗ, ಹೊರಬರುವಾಗ ಎಚ್‌ವಿ ಮೆಮೊರಿಯ ವಿಳಾಸ-ಅನುವಾದವನ್ನೇ ಬದಲಿಸುತ್ತದೆ. ಆ ಕ್ಷಣಗಳಲ್ಲಿ ಅನುವಾದ ಆಫ್ ಆಗಿರಬೇಕು. ಅದಕ್ಕೆ ರಿಯಲ್ ಮೋಡ್ ಎಂದು ಹೆಸರು. ಆಗ ಪ್ರೊಸೆಸರ್ ವಿಳಾಸದ ಮೇಲಿನ ನಾಲ್ಕು ಬಿಟ್‌ಗಳನ್ನು ಲೆಕ್ಕಕ್ಕಿಡುವುದಿಲ್ಲ. ಕರ್ನಲ್ಲಿನ ಸ್ವಂತ ಕೋಡ್ ಹೆಕ್ಸ್ ಲೆಕ್ಕದಲ್ಲಿ 'ಸಿ'ಯಿಂದ ಶುರುವಾಗುವ ವಿಳಾಸದಲ್ಲಿರುತ್ತದೆ. ಆ 'ಸಿ' ತೆಗೆದರೆ ಉಳಿಯುವುದು ನಿಜವಾದ ಮೆಮೊರಿಯ ಜಾಗವೇ. ಮಾಡ್ಯೂಲುಗಳ ವಿಳಾಸ ಆಗ 'ಡಿ'ಯಿಂದ ಶುರು. ಅದರ ತಲೆ ತೆಗೆದರೆ ಸಂಬಂಧವೇ ಇಲ್ಲದ ಜಾಗಕ್ಕೆ ಬೀಳುತ್ತದೆ.

ಎಂಥ ಸಣ್ಣ ಕಾರಣ, ಎಷ್ಟು ಕಟ್ಟುನಿಟ್ಟು! ಇಷ್ಟಾನಿಷ್ಟದ ಪ್ರಶ್ನೆ ಎಂದುಕೊಂಡದ್ದಕ್ಕೆ ಉತ್ತರ ಪ್ರೊಸೆಸರಿನೊಳಗೇ ಇತ್ತು.

ಹಾಗಾಗಿ ಕೆಲಸ ಹಂಚಿಹೋಯಿತು. ರಿಯಲ್ ಮೋಡಿನ ಕೋಡ್ ಕರ್ನಲ್ಲಿನ ಒಳಗೇ ಉಳಿಯಿತು. ಅತಿಥಿಯ ಪೇಜ್ ಟೇಬಲ್ಲಿಗೆ ಒಂದೇ ಪಟ್ಟಿಯಾಗಿ ದೊಡ್ಡ ಜಾಗ ಬೇಕು. ಯಂತ್ರ ಬೂಟ್ ಆಗುವಾಗಲೇ ಅದನ್ನು ಕಾದಿರಿಸುವ ಕೆಲಸವೂ ಒಳಗೇ. ಉಳಿದದ್ದೆಲ್ಲ ಎರಡು ಮಾಡ್ಯೂಲುಗಳಿಗೆ ಹೋಯಿತು. ಪ್ರತಿ ವರ್ಚುವಲ್ ಮೆಷಿನ್ ಹುಟ್ಟುವಾಗ ಎಚ್‌ವಿ ಬೇಕೋ ಪಿಆರ್ ಬೇಕೋ ಎಂದು ಕೇಳಬಹುದು. ಏನೂ ಹೇಳದಿದ್ದರೆ, ಎಚ್‌ವಿ ಇದ್ದಲ್ಲಿ ಅದೇ.

2014ರ ಜನವರಿ 19ರಂದು ಬಂದ 3.13 ಕರ್ನಲ್ಲಿನಲ್ಲಿ ಎರಡೂ ಒಟ್ಟಿಗೆ ಇದ್ದವು. ಎಚ್‌ವಿಯಲ್ಲಿ ಹೊರಬರಲಾರದೆ ಉಳಿದದ್ದಕ್ಕೆ ಇರುವ ಒಂದು ಫೈಲಿನ ಹೆಸರಿನ ಕೊನೆಯಲ್ಲಿ 'ಬಿಲ್ಟಿನ್' ಎಂದೇ ಇದೆ.