ಆಪತ್ತಿನ ಕರೆಗೆ ಒಂದೇ ಬಾಗಿಲು

ನೆರೆಮನೆಗೆ ಬೆಂಕಿ ಬಿದ್ದಿದೆ, ಒಳಗೆ ಒಬ್ಬರಿಗೆ ಸುಟ್ಟ ಗಾಯಗಳಾಗಿವೆ, ಬೀದಿಯಲ್ಲಿ ಜನ ಮುತ್ತಿ ದಾರಿ ಕಟ್ಟಿದೆ. ಇಂಥ ಹೊತ್ತಿನಲ್ಲಿ ನೀವು ಮೊದಲು ಯಾರನ್ನು ಕರೆಯುವಿರಿ? ಅಗ್ನಿಶಾಮಕ ದಳವನ್ನೋ, ಆಂಬುಲೆನ್ಸನ್ನೋ, ಪೋಲೀಸರನ್ನೋ? ನಮ್ಮಲ್ಲಿ ಬಹುಕಾಲ ಪೋಲೀಸರಿಗೆ ೧೦೦, ಅಗ್ನಿಶಾಮಕ ದಳಕ್ಕೆ ೧೦೧, ಆಂಬುಲೆನ್ಸಿಗೆ ೧೦೨ ಎಂದು ಬೇರೆ ಬೇರೆ ಸಂಖ್ಯೆಗಳಿದ್ದವು. ೨೦೦೮ರ ನವೆಂಬರಿನಲ್ಲಿ ಕರ್ನಾಟಕಕ್ಕೆ ೧೦೮ರ ಆರೋಗ್ಯ ಕವಚ ಬಂದಿತು. ಮಕ್ಕಳ ರಕ್ಷಣೆಗೆ ೧೦೯೮, ರಾಷ್ಟ್ರೀಯ ಹೆದ್ದಾರಿಯ ತೊಂದರೆಗೆ ೧೦೩೩ ಕೂಡಿಕೊಂಡವು. ಒಂದೊಂದೂ ಉಪಯುಕ್ತವೇ. ಆದರೆ ಇವನ್ನೆಲ್ಲ ನೆನಪಿಡುವ ಹೊರೆ, ಗಾಬರಿಗೊಂಡವನ ತಲೆಯ ಮೇಲೆಯೇ ಬೀಳುತ್ತಿತ್ತು. ಆ ಹೊರೆಯನ್ನು ನೆರವು ನೀಡುವವರೇ ಹೊರಲಿ ಎಂಬುದು ೧೧೨ ಎಂಬ ಏಕಸಂಖ್ಯೆಯ ಹಿಂದಿನ ವಿಚಾರ.

ಈ ವಿಚಾರ ಹೊಸದಲ್ಲ. ೧೯೩೫ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಒಂದು ಮನೆಗೆ ಬೆಂಕಿ ಹತ್ತಿ ಐವರು ಮಹಿಳೆಯರು ಮಡಿದರು. ಅಗ್ನಿಶಾಮಕ ದಳವನ್ನು ಕರೆಯಲು ಯತ್ನಿಸಿದ ನೆರೆಯವರು ಟೆಲಿಫೋನ್ ಎಕ್ಸ್‌ಚೇಂಜಿನ ಸರದಿಯಲ್ಲಿ ಕಾಯಬೇಕಾಯಿತು. ಆ ಕುರಿತು ಎದ್ದ ಕೂಗಿನ ಫಲವಾಗಿ ೧೯೩೭ರ ಜೂನ್ ೩೦ರಂದು ಲಂಡನ್ನಿನಲ್ಲಿ ೯೯೯ ಎಂಬ ತುರ್ತುಸಂಖ್ಯೆ ಜಾರಿಗೆ ಬಂದಿತು. ಅಮೆರಿಕೆಯಲ್ಲಿ ೯೧೧ರ ಮೊದಲ ಕರೆ ಹೋದದ್ದು ೧೯೬೮ರ ಫೆಬ್ರುವರಿಯಲ್ಲಿ, ಅಲಬಾಮಾ ಪ್ರಾಂತದ ಹೇಲಿವಿಲ್ ಎಂಬ ಸಣ್ಣ ಊರಿನಿಂದ. ಅಲ್ಲಿ ಅನೇಕ ಜಿಲ್ಲೆಗಳಲ್ಲಿ ಅಕ್ಕಪಕ್ಕದ ಊರುಗಳು ತಮ್ಮ ತಮ್ಮ ಪೋಲೀಸ್ ಮತ್ತು ಅಗ್ನಿಶಾಮಕ ಕೊಠಡಿಗಳನ್ನು ಬಿಟ್ಟು, ಖರ್ಚನ್ನು ಹಂಚಿಕೊಂಡು, ಸಮಾಯಿಕವಾಗಿ ಒಂದೇ ಕೇಂದ್ರವನ್ನು ಕಟ್ಟಿಕೊಂಡಿವೆ.

ಭಾರತದಲ್ಲಿ ಈ ಕಾರ್ಯಕ್ಕೆ ನಿರ್ಭಯಾ ನಿಧಿಯಿಂದ ಹಣ ಒದಗಿತು. ೨೦೧೮ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶವು ಮೊಟ್ಟಮೊದಲು ೧೧೨ನ್ನು ಆರಂಭಿಸಿತು. ಮುಂದೆ ಕರ್ನಾಟಕಕ್ಕೂ ಅದು ಬಂದಿತು. ಆದರೆ ಸಂಖ್ಯೆ ಒಂದಾದ ಮಾತ್ರಕ್ಕೆ ನೆರವು ಒಂದಾಗುವುದಿಲ್ಲ. ಕರೆಯ ಹಿಂದೆ ನಡೆಯುವ ಕೆಲಸವನ್ನು ನೋಡಿದರೆ ಇದು ತಿಳಿಯುತ್ತದೆ.

ಕರೆಯನ್ನು ಮೊದಲು ತೆಗೆದುಕೊಳ್ಳುವವರು ಒಬ್ಬರು. ಎಲ್ಲಿ, ಏನು, ಎಷ್ಟು ಜನ ಎಂಬುದನ್ನು ಕೇಳುತ್ತ ಕೇಳುತ್ತಲೇ ಅವರು ಗಣಕಯಂತ್ರದಲ್ಲಿ ದಾಖಲಿಸುತ್ತಾರೆ. ರಾಜ್ಯದ ಮುಖ್ಯ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಅಲ್ಲಿಂದ ವಿವರವು ಆಯಾ ಜಿಲ್ಲೆಯ ನಿಯಂತ್ರಣ ಕೊಠಡಿಗೆ ಬರುತ್ತದೆ. ಅಲ್ಲಿ ಕುಳಿತ ಎರಡನೆಯವರು, ಯಾವ ವಾಹನ ಸಮೀಪದಲ್ಲಿದೆ, ಅದು ಬಿಡುವಾಗಿದೆಯೇ ಎಂದು ನಕಾಶೆಯ ಮೇಲೆ ನೋಡಿ ಅದನ್ನು ಕಳಿಸುತ್ತಾರೆ. ವಾಹನದಲ್ಲಿಯೂ ಒಂದು ಚಿಕ್ಕ ಪರದೆ ಇರುತ್ತದೆ. ವಿಳಾಸ ಅದರಲ್ಲಿ ಮೂಡುತ್ತದೆ. ಕೇಳುವವರು ಬೇರೆ, ಕಳಿಸುವವರು ಬೇರೆ ಇರುವುದರಿಂದ, ನಿಮ್ಮ ಮಾತು ಮುಗಿಯುವವರೆಗೆ ವಾಹನ ಕಾಯಬೇಕಾಗಿಲ್ಲ.

ಇನ್ನು ನಮ್ಮ ಅವಳಿ ನಗರದ ಸಂಗತಿಗೆ ಬರೋಣ. ಹುಬ್ಬಳ್ಳಿ ಮತ್ತು ಧಾರವಾಡಗಳು ಇಪ್ಪತ್ತು ಕಿಲೋಮೀಟರು ದೂರದ ಊರುಗಳಾದರೂ ೧೯೬೨ರಲ್ಲಿ ಒಂದೇ ಪಾಲಿಕೆಯ ಆಡಳಿತಕ್ಕೆ ಒಳಪಟ್ಟವು. ಅಂದಿನಿಂದ ವಸತಿ ಬೆಳೆದಿದೆ. ೨೦೧೧ರ ಜನಗಣತಿಯಲ್ಲಿಯೇ ಇಲ್ಲಿ ಒಂಬತ್ತು ಲಕ್ಷಕ್ಕಿಂತ ಹೆಚ್ಚು ಜನರಿದ್ದರು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡುವ ನಿರ್ಣಯವನ್ನು ರಾಜ್ಯದ ಸಚಿವ ಸಂಪುಟವು ೨೦೨೫ರ ಜನವರಿಯಲ್ಲಿ ಕೈಕೊಂಡಿತು. ನಗರದ ಪೋಲೀಸರು ಕಮಿಶನರರ ಅಧೀನ, ಹಳ್ಳಿಗಳ ಪೋಲೀಸರು ಜಿಲ್ಲಾ ಅಧೀಕ್ಷಕರ ಅಧೀನ. ಅಗ್ನಿಶಾಮಕ ದಳ ಬೇರೊಂದು ಇಲಾಖೆ. ೧೦೮ರ ವಾಹನಗಳಿಗೆ ತಮ್ಮದೇ ಕೇಂದ್ರ. ವಿದ್ಯುತ್ತು ಹೆಸ್ಕಾಂ ಕಂಪನಿಯ ಕೈಯಲ್ಲಿ. ಹೀಗೆ ಒಂದು ಅಪಘಾತಕ್ಕೆ ಐದು ಯಜಮಾನರು. ಆಪತ್ತಿಗೆ ಈ ಗಡಿಗಳ ಪರಿವೆಯಿಲ್ಲ.

೨೦೧೯ರ ಮಾರ್ಚ್ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವು ಕುಸಿದುದನ್ನು ನೀವು ಮರೆತಿರಲಾರಿರಿ. ೧೯ ಜನ ಸತ್ತರು. ಎರಡು ದಿನ ಕಳೆದ ಮೇಲೂ ಅವಶೇಷಗಳ ಅಡಿಯಿಂದ ಜೀವಂತ ಜನರನ್ನು ಹೊರತೆಗೆಯಲಾಯಿತು. ಇಂಥ ಸ್ಥಳದಲ್ಲಿ ಬೇಕಾಗುವುದೇನು? ಮೊದಲು ವಿದ್ಯುತ್ತನ್ನು ಕಡಿಯಬೇಕು. ಕ್ರೇನಿಗೂ ಆಂಬುಲೆನ್ಸಿಗೂ ಎದುರಾಗದಂತೆ ದಾರಿಗಳನ್ನು ಬೇರ್ಪಡಿಸಬೇಕು. ಗಾಯಾಳುಗಳು ಎಷ್ಟು ಬರಬಹುದೆಂದು ಜಿಲ್ಲಾ ಆಸ್ಪತ್ರೆಗೂ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಮುಂಚಿತವಾಗಿ ತಿಳಿಸಬೇಕು. ಕೆಲಕಾಲ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ ಒಳಗಿನಿಂದ ದನಿ ಬರುತ್ತದೆಯೇ ಎಂದು ಕಿವಿಗೊಡಬೇಕು. ಈ ಕೆಲಸಗಳನ್ನು ಐದು ಕೊಠಡಿಗಳಲ್ಲಿ ಕುಳಿತು ಫೋನಿನಲ್ಲಿ ಕೇಳಿ ಕೇಳಿ ಮಾಡುವುದಕ್ಕೂ, ಒಂದೇ ಕೊಠಡಿಯಲ್ಲಿ, ಒಂದೇ ನಕಾಶೆಯ ಮುಂದೆ ಕುಳಿತು ಮಾಡುವುದಕ್ಕೂ ಬಹಳ ಅಂತರವಿದೆ. ಕೂಡಿದ ಕೇಂದ್ರವೆಂದರೆ ಹೊಸ ಕಟ್ಟಡವಲ್ಲ, ಬೇರೆ ಬೇರೆ ಇಲಾಖೆಯವರು ಒಬ್ಬರ ಮಾತನ್ನೊಬ್ಬರು ಆ ಕ್ಷಣವೇ ಕೇಳುವ ಏರ್ಪಾಡು.

ಎರಡನೆಯ ಉದಾಹರಣೆ ಬೈಪಾಸ್ ರಸ್ತೆಯದು. ೨೦೨೧ರ ಜನವರಿ ೧೫ರ ಬೆಳಿಗ್ಗೆ ಇಟಿಗಟ್ಟಿಯ ಹತ್ತಿರ ಟಿಪ್ಪರಿಗೂ ಟೆಂಪೋಗೂ ಡಿಕ್ಕಿಯಾಗಿ ಹತ್ತಕ್ಕಿಂತ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಟೆಂಪೋದಲ್ಲಿದ್ದವರು ದಾವಣಗೆರೆಯಿಂದ ಗೋವೆಗೆ ಹೊರಟವರು. ಪರಸ್ಥಳದವರಿಗೆ ತಾವಿರುವುದು ಇಟಿಗಟ್ಟಿಯ ಸೀಮೆಯೆಂದು ಹೇಗೆ ಗೊತ್ತಾಗಬೇಕು? ಫೋನಿನ ಗೋಪುರದಿಂದ ಸ್ಥಳ ಸುಮಾರಾಗಿ ತಿಳಿಯಬಹುದು. ಊರ ಹೊರಗೆ ಆ ಸುಮಾರು ಎಂಬುದು ಕಿಲೋಮೀಟರುಗಟ್ಟಲೆ ಇರುತ್ತದೆ. ಊರ ಒಳಗೂ ತೊಡಕಿದೆ. ಸ್ಟೇಶನ್ ರೋಡ್ ಹುಬ್ಬಳ್ಳಿಯಲ್ಲಿಯೂ ಉಂಟು, ಧಾರವಾಡದಲ್ಲಿಯೂ ಉಂಟು. ಬೆಂಗಳೂರಿನಲ್ಲಿ ಕರೆ ತೆಗೆದುಕೊಂಡವರಿಗೆ ಅದು ಯಾವುದೆಂದು ನೀವೇ ಹೇಳಬೇಕು. ಇದಕ್ಕಾಗಿಯೇ ಸ್ಥಳೀಯ ಕೊಠಡಿಯಲ್ಲಿ ದುರ್ಗದ ಬೈಲು ಎಲ್ಲಿ, ಸಪ್ತಾಪುರ ಎಲ್ಲಿ ಎಂದು ಬಲ್ಲವರು ಹಗಲಿರುಳೂ ಇರಬೇಕಾದದ್ದು. ಪಾಲಿಕೆ ಒಂದಿರಲಿ ಎರಡಾಗಲಿ, ಈ ಕೊಠಡಿ ಮಾತ್ರ ಒಡೆಯಕೂಡದು.

ನೀವು ಮಾಡಬಹುದಾದದ್ದೂ ಕೆಲವು ಇವೆ. ಕರೆ ಮಾಡಿದೊಡನೆ ಮೊದಲು ಸ್ಥಳವನ್ನು ಹೇಳಿರಿ. ಮಾತು ನಡುವೆ ಕಡಿದರೂ ವಾಹನ ಹೊರಡಬಲ್ಲದು. ಊರು, ಓಣಿ, ಹತ್ತಿರದ ಗುಡಿ ಅಥವಾ ಶಾಲೆ, ಹೀಗೆ ಕ್ರಮವಾಗಿ ಹೇಳಿರಿ. ಹೆದ್ದಾರಿಯಲ್ಲಿದ್ದರೆ ಕಿಲೋಮೀಟರು ಕಲ್ಲಿನ ಅಂಕಿಯನ್ನೂ, ಯಾವ ಊರಿನ ಕಡೆಗೆ ಹೊರಟಿದ್ದಿರಿ ಎಂಬುದನ್ನೂ ತಿಳಿಸಿರಿ. ಅವರು ಹೇಳುವವರೆಗೆ ಫೋನನ್ನು ಇಡಬೇಡಿರಿ. ಬೀಗ ಹಾಕಿದ ಮೊಬೈಲಿನಿಂದಲೂ ೧೧೨ಕ್ಕೆ ಕರೆ ಹೋಗುತ್ತದೆ. ತಪ್ಪಿ ಕರೆ ಹೋದರೆ ಕಡಿದುಬಿಡದೆ, ತಪ್ಪಾಯಿತೆಂದು ಹೇಳಿರಿ. ಇಲ್ಲವಾದರೆ ಅವರು ತಿರುಗಿ ಕರೆದು ವಿಚಾರಿಸುವುದರಲ್ಲಿ ಇನ್ನೊಬ್ಬರ ಹೊತ್ತು ಹೋಗುತ್ತದೆ. ಮನೆಯ ಹುಡುಗರಿಗೆ ವಿನೋದಕ್ಕಾಗಿ ಈ ಸಂಖ್ಯೆ ಒತ್ತಬಾರದೆಂದು ತಿಳಿಹೇಳಿರಿ. ಮನೆಯ ವಿಳಾಸವನ್ನು ಅವರಿಗೂ, ಕೆಲಸಕ್ಕೆ ಬರುವವರಿಗೂ, ಅಜ್ಜ ಅಜ್ಜಿಯರಿಗೂ ಬಾಯಿಪಾಠ ಮಾಡಿಸಿರಿ.

ಒಂದು ಕೆಲಸವನ್ನಂತೂ ಈ ವಾರವೇ ಮಾಡಬಹುದು. ಸಂಜೆ ಕತ್ತಲಾದ ಮೇಲೆ ಹೊರಗೆ ನಿಂತು, ನಿಮ್ಮ ಮನೆಯ ನಂಬರು ಬೀದಿಯಿಂದ ಕಾಣುತ್ತದೆಯೇ ಎಂದು ನೋಡಿರಿ. ಕಾಣದಿದ್ದರೆ ದೊಡ್ಡದಾಗಿ ಬರೆಯಿಸಿ ದೀಪದ ಬೆಳಕು ಬೀಳುವಲ್ಲಿ ಹಚ್ಚಿರಿ. ಓಣಿಗೆ ನಾಮಫಲಕ ಇಲ್ಲದಿದ್ದರೆ ನಾಲ್ಕು ಮನೆಯವರು ಕೂಡಿ ಪಾಲಿಕೆಗೆ ಅರ್ಜಿ ಕೊಡಿರಿ.