ಕೋವಿಗೆ ಅಳತೆ ತೆಗೆಯುವ ಹವಾಲ್ದಾರ್ರು

"ಮಗಳಿಗೆ ಯಾವ ಕೋವಿ ಆಗುತ್ತೆ?" ಎಂದು ಕೇಳಿಕೊಂಡು ಬಂದವರಿಗೆ ಹವಾಲ್ದಾರ್ರು ಕೋವಿ ತೋರಿಸುವುದಿಲ್ಲ. ಮಗಳನ್ನು ಹತ್ತಿರ ಕರೆಯುತ್ತಾರೆ. ಮೊಣಕೈ ಮಡಚಿಸುತ್ತಾರೆ. ಗುಂಡಿಲ್ಲದ ಕೋವಿಯ ನಳಿಗೆಯನ್ನು ಎರಡೆರಡು ಸಲ ನೋಡಿ, ಅದರ ಹಿಂಬದಿಯ ಮರದ ಬಟ್ಟನ್ನು ಮಡಚಿದ ಮೊಣಕೈಯ ಒಳಮೂಲೆಗೆ ಒತ್ತಿ ಹಿಡಿದು, "ಟ್ರಿಗರ್ ಮುಟ್ಟು" ಎನ್ನುತ್ತಾರೆ. ವಿರಾಜಪೇಟೆ ಕಡೆಯ ಆ ಸಣ್ಣ ಅಂಗಡಿಯಲ್ಲಿ ಅವತ್ತು ನಿಂತಿದ್ದವಳಿಗೆ ಹದಿಮೂರು ವರ್ಷ. ಅಮ್ಮ ತಂದಿದ್ದದ್ದು ಮುತ್ತಜ್ಜನ ಕಾಲದ ಜೋಡುನಳಿಗೆ. ಹುಡುಗಿಯ ಬೆರಳು ಟ್ರಿಗರ್‌ಗೆ ಮೂರು ಬೆರಳಗಲ ಹಿಂದೆಯೇ ನಿಂತುಬಿಟ್ಟಿತು.

"ಬೆಳೀತಾಳಲ್ಲ ಹವಾಲ್ದಾರ್ರೇ" ಎಂದರು ಅಮ್ಮ.

"ಬೆಳೆಯಲಿ. ಅಲ್ಲಿವರೆಗೆ ಇದು ಪೂಜೆಗಿರಲಿ."

ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬ ಹತ್ತಿರ ಬಂದಾಗ ಈ ಅಂಗಡಿಗೆ ಜೀವ ಬರುತ್ತದೆ. ಅಂಗಡಿ ಅವರದಲ್ಲ. ರಿಪೇರಿಯ ಪರವಾನಗಿ ಮಾಲೀಕರ ಹೆಸರಿನಲ್ಲಿದೆ, ಇವರದು ಮರದ ಕೆಲಸ. ಸೇನೆಯ ಇಎಂಇ ವಿಭಾಗದಲ್ಲಿ ಆಯುಧ ರಿಪೇರಿ ಮಾಡುವ ಆರ್ಮರರ್ ಆಗಿದ್ದು ನಿವೃತ್ತರಾದವರು. ಅವರಿಗೆ ಹೆಸರೊಂದಿದೆ ಎಂಬುದು ಊರಿಗೇ ಮರೆತಿದೆ, ಹೆಸರು ಹಾಕುವುದು ಅವರಿಗೂ ಬೇಡ. ಯುದ್ಧದ ಕಥೆ ಕೇಳಿದರೆ ಜಾರಿಕೊಳ್ಳುತ್ತಾರೆ. ಕೋವಿಯ ಬಟ್ಟಿನ ಮಾತೆತ್ತಿದರೆ ಮಾತ್ರ ಕುರ್ಚಿ ಎಳೆದು ಕೊಡುತ್ತಾರೆ.

ಅವರ ವಾದ ಹೀಗೆ. ಅಂಗಿ ಹೊಲಿಸಲು ಹೋದರೆ ದರ್ಜಿ ಮೊದಲು ಟೇಪು ಹಿಡಿಯುತ್ತಾನೆ, ಕೋವಿಗೆ ಮಾತ್ರ ಯಾರೂ ಅಳತೆ ಕೊಡುವುದಿಲ್ಲ. ದೊಡ್ಡವರ ಕೋವಿಯಲ್ಲಿ ಬಟ್ಟಿನ ಹಿಂಬದಿಯಿಂದ ಟ್ರಿಗರ್‌ವರೆಗೆ ಸುಮಾರು 14 ಇಂಚು. ಹನ್ನೆರಡು ಹದಿಮೂರರ ಮಕ್ಕಳಿಗೆ, ಸಣ್ಣ ಮೈಕಟ್ಟಿನ ಹೆಂಗಸರಿಗೆ 12ರ ಆಸುಪಾಸು ಸಾಕು. ಉದ್ದ ಹೆಚ್ಚಾದರೆ ಬಟ್ಟು ಹೆಗಲಿನ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತದೆ. ಕೆನ್ನೆ ಮರಕ್ಕೆ ತಾಗುವುದಿಲ್ಲ, ಕಣ್ಣು ನಳಿಗೆಯ ಸಾಲಿಗೆ ಬರುವುದಿಲ್ಲ. ಮುಂದಿನ ಭಾರ ತಡೆಯಲಾರದೆ ಮಗು ಸೊಂಟದಿಂದ ಹಿಂದಕ್ಕೆ ಬಾಗುತ್ತದೆ. ಹಾಗೆ ಬಾಗಿ ನಿಂತವರಿಗೆ 12 ಬೋರಿನ ಕೋವಿ ಒದ್ದರೆ ಅವರು ಕೂರುವುದು ನೆಲದ ಮೇಲೆಯೇ. ಸುತ್ತ ನಿಂತವರು ನಗುತ್ತಾರೆ. ಈಚೆಗೆ ವಿಡಿಯೋ ಬೇರೆ ಮಾಡುತ್ತಾರೆ.

"ಬ್ರಿಟಿಷರ .303 ನೋಡಿದ್ದೀರಲ್ಲ? ಅದರ ಬಟ್ಟಿನ ಮೇಲೆ ಎಸ್ ಅಂತಲೋ ಎಲ್ ಅಂತಲೋ ಬಿ ಅಂತಲೋ ಗುರುತು ಇರ್ತಿತ್ತು. ಗಿಡ್ಡ, ಉದ್ದ, ಬಿ ಅಂದ್ರೆ ಬ್ಯಾಂಟಮ್, ಇನ್ನೂ ಗಿಡ್ಡ. ಸಿಪಾಯಿಯ ಕೈ ನೋಡಿ ಬಟ್ಟು ಹಾಕ್ತಿದ್ರು. ನೂರು ವರ್ಷದ ಹಿಂದೆ ಸೈನ್ಯಕ್ಕೆ ಗೊತ್ತಿದ್ದದ್ದು ನಮ್ಮ ಮನೆಗಳಿಗೆ ಇನ್ನೂ ಗೊತ್ತಿಲ್ಲ."

ಕೊಡಗಿನ ಮನೆಗಳಲ್ಲಿ ಕೋವಿ ಏಕಿದೆ ಎಂಬುದನ್ನು ಅವರು ಎರಡೇ ಮಾತಿನಲ್ಲಿ ಮುಗಿಸಿದರು, ನಾನೂ ಹಾಗೆಯೇ ಮುಗಿಸುತ್ತೇನೆ. ಬ್ರಿಟಿಷರು ಕೊಡಗನ್ನು ತೆಗೆದುಕೊಂಡದ್ದು 1834ರಲ್ಲಿ. 1857ರ ದಂಗೆಯ ನಂತರ ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಸ್ವಾತಂತ್ರ್ಯದ ನಂತರವೂ ಅದು ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ) ಭೂಮಿಯ ಹಿಡುವಳಿದಾರರಿಗೆ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಂಡು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್‌ನಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಜೋಡಿಸಿ ತೋಕ್‌ಪೂ ಎಂಬ ಹೂ ಏರಿಸಿ ಪೂಜೆ. ಹಿಂದೆ ಅದೇ ದಿನದಿಂದ ಗದ್ದೆಗೆ ನುಗ್ಗುವ ಹಂದಿಯ ಬೇಟೆ ಶುರುವಾಗುತ್ತಿತ್ತು. ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ 'ನರಿ ಮಂಗಲ' (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ) ಮಾಡುತ್ತಿದ್ದ ನಾಡಿದು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಬೇಟೆ ಮಾತಿನಲ್ಲಿ, ಹಾಡಿನಲ್ಲಿ ಉಳಿದುಕೊಂಡಿತು. ಈಗ ಗುರಿ ಎಂದರೆ ಎತ್ತರದ ಕೊಂಬೆಗೆ ಕಟ್ಟಿದ ತೆಂಗಿನಕಾಯಿ, ಮಕ್ಕಳ ಏರ್‌ಗನ್‌ಗೆ ಕೋಳಿಮೊಟ್ಟೆ. ಬೇಟೆ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಅದರ ಜೊತೆಗೆ ಹೋದದ್ದು ಕಲಿಸುವ ಕ್ರಮ. ಹಿಂದೆ ಹುಡುಗ ಹಿರಿಯರ ಹಿಂದೆ ಬರಿಗೈಯಲ್ಲಿ ವರ್ಷಗಟ್ಟಲೆ ಕಾಡು ತಿರುಗಿದ ಮೇಲಷ್ಟೇ ಕೋವಿ ಮುಟ್ಟುತ್ತಿದ್ದ. ಈಗ ಹಬ್ಬದ ಬೆಳಗ್ಗೆ ದೇವರಕೋಣೆ ಕನ್ನಿಕೋಂಬರೆಯಿಂದ ಇಳಿದ ಕೋವಿ ಮಧ್ಯಾಹ್ನಕ್ಕೆ ಮಕ್ಕಳ ಹೆಗಲೇರಲು ನೋಡುತ್ತದೆ.

ಹಾಗಾದರೆ ಮೊದಲ ಕೋವಿ ಯಾವುದು? ಹವಾಲ್ದಾರ್ರ ಪ್ರಕಾರ ಮೊದಲು 4.5 ಮಿ.ಮೀ. ಏರ್‌ರೈಫಲ್, ಆಮೇಲೆ .22. ಕೋವಿ ಎಷ್ಟು ಒದೆಯುತ್ತದೆ ಎಂಬುದು ಅದು ಎಷ್ಟು ಸೀಸವನ್ನು ಎಷ್ಟು ವೇಗದಲ್ಲಿ ತಳ್ಳುತ್ತದೆ ಎನ್ನುವುದರ ಮೇಲೆ ನಿಂತಿದೆ. .22ರ ಗುಂಡು ಎರಡೂವರೆ ಗ್ರಾಂಗಿಂತ ತುಸು ಹೆಚ್ಚು, 12 ಬೋರಿನ ತೋಟೆಯೊಳಗಿನ ಚರೆ ಮೂವತ್ತು ಗ್ರಾಂ. "ಆದ್ರೆ .22 ಆಟದ ಸಾಮಾನಲ್ಲ, ಕಾಯಿ ತಪ್ಪಿದ ಗುಂಡು ಒಂದೂವರೆ ಕಿಲೋಮೀಟರ್ ದಾಟಿ ಹೋಗುತ್ತೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ನಾನು ನಿಲ್ಲೋದೇ ಇಲ್ಲ."

ಹಗುರವಾದ ಕೋವಿ ಕೇಳುವವರಿಗೂ ಅವರಲ್ಲಿ ಉತ್ತರವಿದೆ. ಒಂದೇ ತೋಟೆ ಹಾಕಿದರೂ ಹಗುರದ ಕೋವಿ ಹೆಚ್ಚು ಒದೆಯುತ್ತದೆ, ಭಾರದ್ದು ಒದೆತವನ್ನು ತಾನೇ ನುಂಗುತ್ತದೆ. ಆದರೆ ಭಾರದ್ದನ್ನು ಮಗು ಎತ್ತಲಾರದು. ಹೀಗಾಗಿ ಮದ್ದು ಕಡಿಮೆ ಮಾಡಬೇಕೇ ವಿನಾ ಕೋವಿಯ ತೂಕವನ್ನಲ್ಲ. .410 ಬೋರನ್ನು ಮಕ್ಕಳ ಕೋವಿ ಎನ್ನುವವರ ಮೇಲೆ ಅವರಿಗೆ ಕೋಪ. ಅದು ಒದೆಯುವುದಿಲ್ಲ ನಿಜ, ಚರೆ ಕಡಿಮೆ ಇರುವುದರಿಂದ ಹೊಡೆತವೂ ಕಷ್ಟ. ಸಾಲಾಗಿ ತಪ್ಪಿದ ಮಗು ಮನೆಗೆ ಹೋಗಿ ಮೊಬೈಲ್ ಹಿಡಿಯುತ್ತದೆ.

ನಾನಿದ್ದಾಗಲೇ ಟೆಕ್ಸಸ್‌ನಿಂದ ಹವಾಲ್ದಾರ್ರ ಅಕ್ಕನ ಮಗನ ಫೋನು ಬಂತು. ಅಲ್ಲಿ ಜಿಂಕೆ ಬೇಟೆಗೆ ಸರ್ಕಾರವೇ ಋತು ಗೊತ್ತು ಮಾಡುತ್ತದೆ, ಬೇಟೆಗಾರರ ತರಗತಿ ಇರುತ್ತದೆ. ಹನ್ನೆರಡರ ಮಗನಿಗೆ ಮೊದಲ ಬೇಟೆ ರೈಫಲ್ ಬೇಕಂತೆ, ಅಂಗಡಿಯವ .30-06 ತೋರಿಸಿದನಂತೆ. "ಬೇಡ. .243 ನೋಡು, ಒದೆತ ಅರ್ಧಕ್ಕರ್ಧ ಕಡಿಮೆ, ಜಿಂಕೆಗೆ ಧಾರಾಳ. ಬಟ್ಟು ಗಿಡ್ಡ ಇರೋದು ಕೇಳು. ದುರ್ಬೀನನ್ನ ಅವನ ಕಣ್ಣಿನ ದೂರಕ್ಕೆ ಕೂರಿಸು, ನಿನ್ನ ಕಣ್ಣಿಗಲ್ಲ. ಇಲ್ಲಾಂದ್ರೆ ಹುಬ್ಬು ಒಡೆಯುತ್ತೆ. ಕಿವಿಗೆ ಹಾಕೋದು ಮರೀಬೇಡ" ಎಂದು ಒಂದೇ ಉಸಿರಿಗೆ ಹೇಳಿ, ಆಮೇಲೆ ಅಕ್ಕನ ಮಂಡಿನೋವು ವಿಚಾರಿಸಿದರು.

ಇತ್ತ ಆ ಹದಿಮೂರರ ಹುಡುಗಿಗೆ ನಿಗದಿಯಾದದ್ದು ಅವಳ ಮಾವನ ಲೈಸೆನ್ಸಿನ .22 ರೈಫಲ್. ಕಾನೂನು ಹೇಳುವುದಿಷ್ಟು: ಲೈಸೆನ್ಸಿಗೆ 21 ತುಂಬಿರಬೇಕು, 12 ತುಂಬಿದವರು ತರಬೇತಿಗಾಗಿ ಹಿರಿಯರ ಕಣ್ಣೆದುರು ಹೊಡೆಯಬಹುದು. ನಳಿಗೆ ಗಿಡ್ಡ ಮಾಡಿದರೆ ಅಪರಾಧ, ಹವಾಲ್ದಾರ್ರ ಗರಗಸ ಓಡುವುದು ಮರದ ಮೇಲೆ ಮಾತ್ರ. ಬಟ್ಟಿನ ಹಿಂದಿನ ತಟ್ಟೆ ಬಿಚ್ಚಿ, ಮರ ಸಿಗಿಯದಂತೆ ಸುತ್ತ ಟೇಪು ಬಿಗಿದು, ಒಂದೂವರೆ ಇಂಚು ಕೊಯ್ದರು. ಕೊಯ್ದ ಮೈಯನ್ನು ನುಣ್ಣಗೆ ಉಜ್ಜಿ ರಬ್ಬರಿನ ಪಟ್ಟಿ ಕೂರಿಸಿದರು.

ನನ್ನನ್ನು ಈ ಅಂಗಡಿಗೆ ಎಳೆದು ತಂದದ್ದು ಆಮೇಲೆ ಅವರು ಮಾಡುವ ಕೆಲಸ. ಕೊಯ್ದ ತುಂಡನ್ನು ಅವರು ಎಸೆಯುವುದಿಲ್ಲ. ಅದನ್ನು ಮತ್ತೆ ಮೂರು ಬಿಲ್ಲೆ ಮಾಡಿ, ಸ್ಕ್ರೂಗೆ ತೂತು ಕೊರೆದು, ಎಣ್ಣೆ ಸವರಿ, ಹಿಂಬದಿಗೆ ಮನೆಹೆಸರು, ಮಗುವಿನ ಹೆಸರು, ವರ್ಷ ಬರೆಯುತ್ತಾರೆ. ಮಗು ಬೆಳೆದ ಹಾಗೆ ಒಂದೊಂದೇ ಬಿಲ್ಲೆ ಬಟ್ಟಿಗೆ ಮರಳುತ್ತದೆ. ಮೂರನೆಯದು ಸೇರಿದ ದಿನ ಕೋವಿ ಮೊದಲಿನಷ್ಟೇ ಉದ್ದ. ಅದೇ ಮರ, ಅದೇ ನರ. ಗೆರೆ ಹುಡುಕಿದರೆ ಮಾತ್ರ ಕಾಣುತ್ತದೆ.

ಆಮೇಲೆ ಪರೀಕ್ಷೆ. ತೋಟದ ಅಂಚಿನ ದಿಬ್ಬಕ್ಕೆ ಮುಖ ಮಾಡಿ ಹುಡುಗಿ ಹೊಡೆಯುತ್ತಿದ್ದಳು, ಪ್ರತಿ ಗುಂಡನ್ನೂ ತುಂಬಿ ಕೊಡುತ್ತಿದ್ದದ್ದು ಹವಾಲ್ದಾರ್ರು. ನಡುವೆ ಒಂದು ಸಲ, ಹೇಳದೆ, ಹೊಡೆದು ಮುಗಿದ ಖಾಲಿ ತೋಟೆಯನ್ನೇ ಮತ್ತೆ ಹಾಕಿದರು. ಟ್ರಿಗರ್ ಎಳೆದಳು. ಸದ್ದಿಲ್ಲ, ಆದರೆ ನಳಿಗೆಯ ಮೂತಿ ಗಕ್ಕನೆ ಕೆಳಗಿಳಿಯಿತು, ಕಣ್ಣೂ ಮುಚ್ಚಿತ್ತು. "ಯಾರೋ ಇವಳಿಗೆ ಮೊದಲೇ 12 ಬೋರ್ ಹೊಡೆಸಿದ್ದಾರೆ" ಎಂದರು. ಅಮ್ಮ ಮಾವನ ಕಡೆ ನೋಡಿದರು. ಮಾವ ಕಾಫಿ ಗಿಡದ ಕಡೆ ನೋಡಿದರು. ಹೆಗಲಿನ ಏಟು ವಾರದಲ್ಲಿ ಮಾಯುತ್ತದೆ, ಈ ಬೆಚ್ಚು ಬಿಡಿಸಲು ಎಷ್ಟೋ ತಿಂಗಳು ಬೇಕು. ಕೆಲವರಿಗೆ ಅರವತ್ತಾದರೂ ಬಿಡುವುದಿಲ್ಲವಂತೆ. ಖಾಲಿ ತೋಟೆಯ ಆಟ ಸಂಜೆಯವರೆಗೂ ನಡೆಯಿತು.

ಹಬ್ಬ ಕಳೆದರೆ ಅಂಗಡಿ ಮಂಕು. ತೋಟೆ ದುಬಾರಿ, ಮನೆಗಳು ಪಾಲಾಗಿವೆ, ಕೋವಿ ಯಾರ ಪಾಲಿಗೆ ಎಂಬುದು ಇತ್ಯರ್ಥವಾಗದೆ ಎಷ್ಟೋ ಕಡೆ ತುಕ್ಕು ಹಿಡಿಯುತ್ತಿದೆ. ಹವಾಲ್ದಾರ್ರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಮರದ ಕೆಲಸ ಕಲಿಯಲು ಬಂದ ಒಬ್ಬ ಹುಡುಗ ಅಡುಗೆಮನೆ ಕಪಾಟು ಮಾಡುವಲ್ಲಿ ಸಂಬಳ ಜಾಸ್ತಿ ಎಂದು ಹೋದ. ತಪ್ಪೇನಿಲ್ಲ ಎನ್ನುತ್ತಾರೆ.

ಕೌಂಟರಿನ ಕೆಳಗಿನ ಟ್ರಂಕು ತೆರೆದು ತೋರಿಸಿದರು. ಅದರ ತುಂಬ ಬಿಲ್ಲೆಗಳು. ಕೆಲವು ಹೆಸರಿನವರು ಈಗ ಮೈಸೂರಿನಲ್ಲಿ ಡಾಕ್ಟರು, ಒಬ್ಬಳು ಆಸ್ಟ್ರೇಲಿಯಾದಲ್ಲಿ, ಇನ್ನೊಬ್ಬನಿಗೆ ಮದುವೆಯಾಗಿ ಮಗುವಾಗಿದೆ. ಅವರ ಕೋವಿಗಳು ಇನ್ನೂ ಹನ್ನೆರಡು ವರ್ಷದವರ ಅಳತೆಯಲ್ಲೇ ಇವೆ.

ಹೊರಟಾಗ ಹವಾಲ್ದಾರ್ರು ಹೇಳಿದರು: "ಹೇಗೂ ಪೇಪರಿಗೆ ಬರೀತೀರಿ, ಒಂದು ಸಾಲು ಸೇರಿಸಿ. ಬಿಲ್ಲೆ ಬಿಟ್ಟು ಹೋದವರು ಬಂದು ಹಾಕಿಸಿಕೊಳ್ಳಲಿ, ಕೂಲಿ ಬೇಡ. ಮಂಗಳವಾರ ಅಂಗಡಿ ರಜೆ."